68 ಸಾವಿರ ಫೋಟೊಗಳಿಗೆ ಮತ್ತೆ ಹೆಸರು ಸಿಕ್ಕಿದ್ದು ಹೀಗೆ

ಅಳಿಸಿಹೋದ ನನ್ನ ಫೋಟೊಗಳನ್ನು ಹಳೆಯ ಹೆಸರು ಸಮೇತ ವಾಪಸ್ ತರುವುದು ಆಗುವ ಕೆಲಸ ಅಲ್ಲ ಅಂತ ಮೂರು ಜನ ಹೇಳಿದ್ದರು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಒಂದು ಡೇಟಾ ರಿಕವರಿ ಅಂಗಡಿಯವರು, ಐಟಿಯಲ್ಲಿರುವ ನನ್ನ ಭಾವ, ಮತ್ತೆ ನಮ್ಮದೇ ಲೈನಿನ ಇನ್ನೊಬ್ಬ ಫೋಟೊಗ್ರಾಫರ್. ಅಂಗಡಿಯವರು ಒಂದೇ ಮಾತಲ್ಲಿ ಮುಗಿಸಿದರು: "ಫೈಲ್ ಮಿಲೇಗಾ, ನಾಮ್ ನಹೀ ಮಿಲೇಗಾ." ಫೈಲು ಸಿಗುತ್ತದೆ, ಹೆಸರು ಸಿಗುವುದಿಲ್ಲ ಅಂತ. ಅದಕ್ಕೆ 48 ಸಾವಿರ ರೂಪಾಯಿ. ನನ್ನ ಖರ್ಚು ಕೊನೆಗೆ 20 ಸಾವಿರದ ಒಳಗೇ ಆಯಿತು, ಹೆಸರೂ ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಡೊಂಬಿವಲಿಯಲ್ಲಿ. ಮದುವೆ, ಗೃಹಪ್ರವೇಶ, ಉಪನಯನದ ಫೋಟೊ ತೆಗೆಯುವುದು ಹೊಟ್ಟೆಪಾಡು. ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳದವರು ಮುಂಬಯಿಗೆ ಬರುತ್ತಾರಲ್ಲ, ಆಗ ಆಟ, ತಾಳಮದ್ದಳೆ ರೆಕಾರ್ಡ್ ಮಾಡುವುದು ನನ್ನ ಸಂತೋಷಕ್ಕೆ. ಎಲ್ಲ ಸೇರಿ ಸುಮಾರು 2.6 ಟಿಬಿ ಇತ್ತು. ಒಂದು ಪ್ರತಿ ಯುಎಸ್‌ಬಿ ಡಿಸ್ಕಿನಲ್ಲಿ. ಇನ್ನೊಂದು ಎರಡು ಡಿಸ್ಕಿನ ನ್ಯಾಸ್‌ನಲ್ಲಿ, ಅಂದರೆ ಮನೆಯ ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕಿನ ಪೆಟ್ಟಿಗೆಯಲ್ಲಿ. ರೇಡ್ 1, ಅಂದರೆ ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ. ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ (ಫೈಲ್ ಸಿಸ್ಟಂ) ಇಎಕ್ಸ್‌ಟಿ4. ಯುಎಸ್‌ಬಿ ಡಿಸ್ಕನ್ನು ನ್ಯಾಸ್‌ಗೇ ಚುಚ್ಚಿಟ್ಟಿದ್ದೆ. ರಾತ್ರಿ 3 ಗಂಟೆಗೆ ಆರ್‌ಸಿಂಕ್ ಅನ್ನುವ ಕಾಪಿ ಪ್ರೋಗ್ರಾಂ ಯುಎಸ್‌ಬಿಯಲ್ಲಿದ್ದದ್ದನ್ನು ನ್ಯಾಸ್‌ಗೆ ಹಾಕುತ್ತಿತ್ತು, ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಲ್ಲೂ ಅಳಿಸುವ ಡಿಲೀಟ್ ಆಯ್ಕೆಯ ಜೊತೆ. ಎರಡು ಕಡೆ ಇದೆ, ಒಂದು ಕಡೆ ಅದರಲ್ಲೂ ಎರಡು ಡಿಸ್ಕು, ಇನ್ನೇನು ಬೇಕು ಅಂದುಕೊಂಡಿದ್ದೆ.

2023ರ ಜುಲೈನ ಒಂದು ರಾತ್ರಿ ಕರೆಂಟು ಹೋಗಿ ಬಂತು. ನ್ಯಾಸ್ ತಾನಾಗಿ ಎದ್ದಿತು, ಯುಎಸ್‌ಬಿ ಡಿಸ್ಕ್ ಏಳಲಿಲ್ಲ. ಅದು ಕೂರುವ ಜಾಗದಲ್ಲಿ ಬರೀ ಖಾಲಿ ಫೋಲ್ಡರ್. ಓದುವಾಗ ದೋಷ ಬಂದರೆ ಆರ್‌ಸಿಂಕ್ ಅಳಿಸುವುದನ್ನು ತಾನೇ ನಿಲ್ಲಿಸುತ್ತದೆ. ಆದರೆ ಖಾಲಿ ಫೋಲ್ಡರ್ ದೋಷ ಅಲ್ವಲ್ಲ! ಮೂಲದಲ್ಲಿ ಏನೂ ಇಲ್ಲ, ಹಾಗಾದರೆ ಇಲ್ಲೂ ಇರಬಾರದು ಅಂತ ಎಲ್ಲ ಅಳಿಸಿತು. ರೇಡ್ ಎರಡೂ ಡಿಸ್ಕಿನಲ್ಲಿ ಅಷ್ಟೇ ನಿಷ್ಠೆಯಿಂದ ಅಳಿಸಿತು. ರೀಸೈಕಲ್ ಬಿನ್ ಆನ್ ಇತ್ತು, ಆದರೆ ಅದು ಕಂಪ್ಯೂಟರಿನಿಂದ ಶೇರ್ ಮೂಲಕ ಅಳಿಸಿದ್ದನ್ನು ಮಾತ್ರ ಹಿಡಿಯುತ್ತದೆ. ನ್ಯಾಸ್ ಒಳಗೇ ಓಡುವ ಆರ್‌ಸಿಂಕ್ ಅಳಿಸಿದ್ದು ಅದರ ಕಣ್ಣಿಗೇ ಬೀಳುವುದಿಲ್ಲ. ಯುಎಸ್‌ಬಿ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿತ್ತು. ಒಳಗಿನ ಓದುವ ಹೆಡ್ ಬದಲಿಸಬೇಕು, 60 ಸಾವಿರ, ಗ್ಯಾರಂಟಿ ಇಲ್ಲ ಅಂತ ಅಂಗಡಿಯಲ್ಲಿ ಅಂದರು. ಅದನ್ನು ಅಲ್ಲಿಗೇ ಬಿಟ್ಟೆ.

ಬೆಳಿಗ್ಗೆ ಎಂಟೂವರೆಗೆ ನೋಡಿದಾಗ ನಾನು ಸರಿಯಾಗಿ ಮಾಡಿದ ಕೆಲಸ ಒಂದೇ. ಏನನ್ನೂ ಮುಟ್ಟದೆ ನ್ಯಾಸ್ ಆಫ್ ಮಾಡಿದೆ. ಅಳಿಸಿದ ಫೈಲು, ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಡಿಸ್ಕಿನಲ್ಲೇ ಇರುತ್ತದಲ್ಲ. ನ್ಯಾಸ್‌ನ ಸ್ವಂತ ಸಿಸ್ಟಂ ಡಿಸ್ಕಿನ ಬೇರೆ ಭಾಗದಲ್ಲಿ (ಪಾರ್ಟಿಷನ್) ಇದ್ದದ್ದರಿಂದ ಅಷ್ಟು ಹೊತ್ತಿನಲ್ಲಿ ಡೇಟಾದ ಮೇಲೆ ಬರೆದದ್ದು ಹೆಚ್ಚುಕಡಿಮೆ ಏನೂ ಇರಲಿಲ್ಲ.

14 ಸಾವಿರಕ್ಕೆ 6 ಟಿಬಿಯ ಹೊಸ ಡಿಸ್ಕ್, 1,800ಕ್ಕೆ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಡಾಕ್ ತಂದೆ. ನ್ಯಾಸ್‌ನಿಂದ ಹೊರಗೆ ತೆಗೆದ ಎರಡರಲ್ಲಿ ಒಂದು ಡಿಸ್ಕನ್ನು ಕವರಿಗೆ ಹಾಕಿ ಬೀರುವಿನಲ್ಲಿಟ್ಟೆ. ಇನ್ನೊಂದರ ಇಮೇಜನ್ನು, ಅಂದರೆ ಇಡೀ ಡಿಸ್ಕಿನ ಯಥಾವತ್ ನಕಲನ್ನು, ಡಿಡಿರೆಸ್ಕ್ಯೂ ಪ್ರೋಗ್ರಾಮಿನಿಂದ ತೆಗೆದೆ. 4 ಟಿಬಿಗೆ ಹತ್ತು ಹನ್ನೊಂದು ಗಂಟೆ ಹಿಡಿಯಿತು. ಆಮೇಲೆ ಏನೇ ಮಾಡಿದರೂ ಆ ಇಮೇಜಿನ ಮೇಲೆ, ಅದೂ ಓದಲು ಮಾತ್ರ.

ಮೊದಲ ಸೋಲು ಜರ್ನಲ್‌ನದು. ಫೈಲ್ ಸಿಸ್ಟಂ ತಾನು ಮಾಡುವ ಬದಲಾವಣೆಗಳನ್ನು ಬರೆದಿಡುವ ದಿನಚರಿ ಅದು. ಇಎಕ್ಸ್‌ಟಿ4ನಲ್ಲಿ ಅಳಿಸಿದ ಕೂಡಲೇ ಫೈಲಿನ ತುಂಡುಗಳು ಎಲ್ಲಿವೆ ಅನ್ನುವ ಮಾಹಿತಿಯನ್ನೇ ಐನೋಡ್‌ನಿಂದ (ಪ್ರತಿ ಫೈಲಿನ ವಿವರದ ಚೀಟಿ) ಒರೆಸಿಬಿಡುತ್ತದೆ. ಹಳೆಯ ಪ್ರತಿ ಜರ್ನಲ್‌ನಲ್ಲಿ ಉಳಿದಿದ್ದರೆ ಹೆಸರು ಸಮೇತ ಎಳೆಯಬಹುದು. ಅದನ್ನೇ ಮಾಡುವ ಇಎಕ್ಸ್‌ಟಿ4ಮ್ಯಾಜಿಕ್ ಪ್ರೋಗ್ರಾಂ ಹಾಕಿ ಎರಡು ದಿನ ಗುದ್ದಾಡಿದೆ. ಸಿಕ್ಕಿದ್ದು ನಾನೂರು ಚಿಲ್ಲರೆ ಫೈಲು. ಅಷ್ಟು ಫೈಲು ಒಟ್ಟಿಗೆ ಅಳಿಸಿದಾಗ ಜರ್ನಲ್ ತನ್ನ ಮೇಲೆ ತಾನೇ ಎಷ್ಟು ಸುತ್ತು ಬರೆದುಕೊಂಡಿತೋ.

ಎರಡನೆಯದು ಫೋಟೊರೆಕ್, ಡಿಸ್ಕಿನಲ್ಲಿ ಫೈಲಿನ ಗುರುತು ಕಂಡಲ್ಲೆಲ್ಲ ಅದನ್ನು ಎತ್ತುವ ಪ್ರೋಗ್ರಾಂ. ಖಾಲಿ ಜಾಗವನ್ನು ಮಾತ್ರ ಹುಡುಕಲು ಹೇಳಿದೆ. ಒಂದೂವರೆ ದಿನದಲ್ಲಿ ಲಕ್ಷಕ್ಕೂ ಜಾಸ್ತಿ ಫೈಲು ಸುರಿಯಿತು. ಟಿ ಅಕ್ಷರದಿಂದ ಶುರುವಾಗುವ ಥಂಬ್‌ನೇಲ್‌ಗಳನ್ನು (ಪುಟ್ಟ ನಮೂನೆ ಚಿತ್ರಗಳು) ಎಸೆದ ಮೇಲೂ 70 ಸಾವಿರದ ಹತ್ತಿರ ಉಳಿಯಿತು. ಎಲ್ಲದಕ್ಕೂ ಎಫ್ ಮತ್ತು ಒಂದು ಉದ್ದ ಸಂಖ್ಯೆ, ಅಷ್ಟೇ. ಅಂಗಡಿಯವರು ಹೇಳಿದ್ದು ಇದನ್ನೇ.

ಕ್ಯಾಮೆರಾ ಪ್ರತಿ ಫೋಟೊದೊಳಗೆ ಸಮಯ ಮುಂತಾದ ವಿವರ ಬರೆದಿಡುತ್ತದೆ, ಅದಕ್ಕೆ ಎಕ್ಸಿಫ್ ಅನ್ನುತ್ತಾರೆ. ಅದನ್ನು ಓದುವ ಎಕ್ಸಿಫ್‌ಟೂಲ್‌ನಿಂದ, ತೆಗೆದ ದಿನಾಂಕದ ಪ್ರಕಾರ ಫೋಲ್ಡರ್ ಮಾಡಿ ನೋಡಿದೆ. ಒಂದೇ ದಿನ ಬೆಳಿಗ್ಗೆ ಮುಲುಂಡಿನಲ್ಲಿ ಮದುವೆ, ಸಂಜೆ ಥಾಣೆಯಲ್ಲಿ ರಿಸೆಪ್ಷನ್ ಇದ್ದದ್ದು ಕಲಸಿಹೋಯಿತು. ಎರಡನೇ ಕ್ಯಾಮೆರಾ ದುಬೈ ಕಾರ್ಯಕ್ರಮದಿಂದ ಬಂದ ಮೇಲೂ ಅಲ್ಲಿಯ ಗಂಟೆಯಲ್ಲೇ ಇತ್ತು. ಒಂದೂವರೆ ಗಂಟೆ ಹಿಂದೆ. ಹಾಗಾಗಿ ಧಾರೆ ಮೊದಲು, ದಿಬ್ಬಣ ಆಮೇಲೆ ಬಂತು. ನನ್ನ ಹೆಂಡತಿ ಹಿಂದೆ ನಿಂತು ನೋಡಿ, "ಲ್ಯಾಪ್‌ಟಾಪಲ್ಲಿ ಎಡಿಟ್ ಮಾಡುವಾಗ ಎಲ್ಲ ಹೆಸರು ಕಾಣ್ತದಲ್ಲ ರೀ, ಅದೆಲ್ಲಿ ಹೋಯ್ತು?" ಅಂದಳು.

ಅದು ಎಲ್ಲಿಗೂ ಹೋಗಿರಲಿಲ್ಲ. ನಾನು ಫೋಟೊ ಎಡಿಟ್ ಮಾಡುವ ಲೈಟ್‌ರೂಮ್ ಸಾಫ್ಟ್‌ವೇರಿನ ಕ್ಯಾಟಲಾಗ್ ಲ್ಯಾಪ್‌ಟಾಪಿನಲ್ಲೇ ಇತ್ತು. ಅದರಲ್ಲಿ ಫೋಟೊ ಇರುವುದಿಲ್ಲ, ಆದರೆ ಫೋಟೊದ ಜಾತಕ ಇರುತ್ತದೆ. ಫೈಲಿನ ಹೆಸರು, ಫೋಲ್ಡರು, ಕ್ಲಿಕ್ಕಿಸಿದ ಕ್ಷಣ, ಯಾವ ಕ್ಯಾಮೆರಾ, ಎಲ್ಲವೂ. ಆ ಕ್ಯಾಟಲಾಗ್ ನಿಜಕ್ಕೂ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲು, ಸುಲಭವಾಗಿ ತೆರೆಯಬಹುದು. ಅದರ ಪಟ್ಟಿ ಒಂದು ಕಡೆ, ಫೋಟೊರೆಕ್ ಕೊಟ್ಟ ಫೈಲುಗಳ ಎಕ್ಸಿಫ್ ಇನ್ನೊಂದು ಕಡೆ. ಸಮಯ ಮತ್ತು ಕ್ಯಾಮೆರಾ ಎರಡೂ ಹೊಂದಿದರೆ ಹಳೆಯ ಹೆಸರು, ಹಳೆಯ ಫೋಲ್ಡರು. ಕ್ಯಾಮೆರಾ ಗಡಿಯಾರ ತಪ್ಪಿದ್ದರೂ ಚಿಂತೆಯಿಲ್ಲ, ಯಾಕೆಂದರೆ ಅದೇ ತಪ್ಪು ಎರಡೂ ಕಡೆ ಇರುತ್ತದೆ.

ಮೊದಲ ಓಟದಲ್ಲಿ 51 ಸಾವಿರ ಹೊಂದಿದವು. ಉಳಿದವು ಹೆಚ್ಚಾಗಿ ಒಂದೇ ಸೆಕೆಂಡಿನಲ್ಲಿ ನಾಲ್ಕೈದು ಕ್ಲಿಕ್ ಆದವು. ಯಕ್ಷಗಾನದ ಪುಂಡುವೇಷ ಧಿಗಿಣ (ಹಾರಿ ಸುತ್ತುವ ಕುಣಿತ) ಹಾಕುವಾಗ ಬೆರಳು ಎತ್ತುವುದುಂಟಾ? ಸೆಕೆಂಡಿನ ನೂರನೇ ಭಾಗದ ಲೆಕ್ಕವೂ ಎಕ್ಸಿಫ್‌ನಲ್ಲಿ ಇರುತ್ತದೆ. ಅದನ್ನು ಸೇರಿಸಿದಾಗ 68 ಸಾವಿರಕ್ಕೆ ಬಂತು. ಕ್ಯಾಟಲಾಗಿನಲ್ಲಿ ಇದ್ದದ್ದು 74 ಸಾವಿರ. ಆ ಭಾಗ ಬರೆಯದ ಹಳೆಯ ಕ್ಯಾಮೆರಾದ ಫೋಟೊಗಳನ್ನು ಬೇರೆ ಮಾಡಲು ಇನ್ನೊಂದು ದಾರಿ ಇದೆ. ಅದು ಸದ್ಯ ನನ್ನ ಕೈಯಲ್ಲೇ ಇರಲಿ. ಇಬ್ಬರು ಮೂವರಿಗೆ ಅದನ್ನೇ ಮಾಡಿಕೊಟ್ಟು ಸ್ವಲ್ಪ ದುಡ್ಡೂ ಆಗಿದೆ.

ವಿಡಿಯೊ ಕಷ್ಟ ಕೊಟ್ಟಿತು. ಅವು ಕ್ಯಾಟಲಾಗಿನಲ್ಲಿ ಇರಲಿಲ್ಲ. ಆಗ ಆ ಉದ್ದ ಸಂಖ್ಯೆಯನ್ನು ಗಮನವಿಟ್ಟು ನೋಡಿದೆ. ಅದು ಸುಮ್ನೆ ಕೊಟ್ಟ ಸಂಖ್ಯೆ ಅಲ್ಲ. ಫೈಲು ಶುರುವಾಗುವ ಸೆಕ್ಟರಿನ, ಅಂದರೆ ಡಿಸ್ಕಿನ ಆ ಪುಟ್ಟ ತುಂಡಿನ, ಸಂಖ್ಯೆ. ಒಂದೇ ರಾತ್ರಿ ಕಾಪಿ ಮಾಡಿದ ಫೈಲುಗಳು ಡಿಸ್ಕಿನಲ್ಲಿ ಸಾಧಾರಣವಾಗಿ ಅಕ್ಕಪಕ್ಕದಲ್ಲೇ ಮಲಗಿರುತ್ತವೆ. ಸಂಖ್ಯೆಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಆಗಲೇ ಹೆಸರು ಸಿಕ್ಕಿದ ಫೋಟೊಗಳ ನಡುವೆ ವಿಡಿಯೊ ತಾನಾಗಿ ಬಂದು ಕೂರುತ್ತದೆ. ಮುಂದೆಯೂ ಹಿಂದೆಯೂ ಅದೇ ತಾಳಮದ್ದಳೆಯ ಫೋಟೊ ಇದ್ದರೆ ಇದೂ ಅದರದ್ದೇ. 140 ಕ್ಲಿಪ್ಪುಗಳಲ್ಲಿ 90 ಪೂರ್ತಿ ಬಂದವು. ಹಳೆಯ ಕ್ಯಾಮ್‌ಕಾರ್ಡರಿನ ಎಂಟಿಎಸ್ ಫೈಲುಗಳು ತುಂಡಾದರೂ ಸಿಕ್ಕಷ್ಟು ಓಡುತ್ತವೆ. ಎಂಪಿ4 ಹಾಗಲ್ಲ. ಅದರ ಸೂಚಿಯ ಭಾಗ ಕಳೆದುಹೋದರೆ ಇಡೀ ಫೈಲೇ ತೆರೆಯುವುದಿಲ್ಲ. ಅದೇ ಕ್ಯಾಮೆರಾದ ಇನ್ನೊಂದು ಒಳ್ಳೆಯ ಫೈಲನ್ನು ಮಾದರಿಗೆ ಕೊಟ್ಟು, ಅನ್‌ಟ್ರಂಕ್ ಅನ್ನುವ ರಿಪೇರಿ ಪ್ರೋಗ್ರಾಮಿನಿಂದ ಹನ್ನೆರಡು ಎಬ್ಬಿಸಿದೆ. ಅದರಲ್ಲೊಂದು, ಈಗ ನಮ್ಮ ಜೊತೆ ಇಲ್ಲದ ಒಬ್ಬ ಹಿರಿಯ ಅರ್ಥಧಾರಿಯವರು ತಾಳಮದ್ದಳೆಯಲ್ಲಿ ಆಡಿದ ಕರ್ಣನ ಮಾತು. ಧ್ವನಿ ಬಂದ ಕೂಡಲೇ ನಾನು ಕುರ್ಚಿಯಿಂದ ಎದ್ದು ನಿಂತೆ. ಪೆನ್‌ಡ್ರೈವಿಗೆ ಹಾಕಿ ಅವರ ಮಗನಿಗೆ ಕೊಟ್ಟು ಬಂದೆ.

ನಡುವೆ ಕುತೂಹಲಕ್ಕೆ ಒಂದು ಪ್ರಯೋಗ ಮಾಡಿದೆ. ಎರಡು ಸಾವಿರ ಫೋಟೊಗಳನ್ನು ಮೆಮೊರಿ ಕಾರ್ಡಿಗೂ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಗೂ ಹಾಕಿದೆ. ಕಾರ್ಡನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿದೆ, ಎಸ್‌ಎಸ್‌ಡಿಯಲ್ಲಿ ಡಿಲೀಟ್ ಕೊಟ್ಟೆ. ಕಾರ್ಡಿನಿಂದ ಹೆಚ್ಚುಕಡಿಮೆ ಎಲ್ಲವೂ ಬಂದವು. ಎಸ್‌ಎಸ್‌ಡಿಯಲ್ಲಿ ಹತ್ತು ನಿಮಿಷ ಬಿಟ್ಟು ನೋಡಿದರೆ ಬರೀ ಸೊನ್ನೆ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನೇ ಖಾಲಿ ಮಾಡುವಂತೆ ಹೇಳುವ ಟ್ರಿಮ್ ಎಲ್ಲ ಗುಡಿಸಿತ್ತು. ನನ್ನ ನ್ಯಾಸ್‌ನಲ್ಲಿ ಎಸ್‌ಎಸ್‌ಡಿ ಇದ್ದು ಟ್ರಿಮ್ ಓಡುತ್ತಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಈಗಿನ ಏರ್ಪಾಡು ಹೇಳುತ್ತೇನೆ. ನ್ಯಾಸ್‌ನ ಫೈಲ್ ಸಿಸ್ಟಂ ಈಗ ಬಿಟಿಆರ್‌ಎಫ್‌ಎಸ್. ಗಂಟೆಗೊಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಗುರುತು, ಬೇಕಾದರೆ ಅಲ್ಲಿಗೆ ಹಿಂದೆ ಹೋಗಬಹುದು. ದಿನದವು ಎರಡು ತಿಂಗಳು ಇರುತ್ತವೆ. ಯುಪಿಎಸ್ ಹಾಕಿದ್ದೇನೆ. ಬ್ಯಾಕಪ್ಪನ್ನು ನ್ಯಾಸ್ ತಾನಾಗಿ ಹೊರಗೆ ತಳ್ಳುವುದಿಲ್ಲ, ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್ ಬಂದು ಎಳೆದುಕೊಳ್ಳುತ್ತದೆ. ಅದರ ಪಾಸ್‌ವರ್ಡ್ ನ್ಯಾಸ್‌ಗೆ ಗೊತ್ತಿಲ್ಲ. ಮೂಲ ಫೋಲ್ಡರಿನಲ್ಲಿ "ಇದ್ದೇನೆ" ಅನ್ನುವ ಹೆಸರಿನ ಒಂದು ಪುಟ್ಟ ಫೈಲು ಇಟ್ಟಿದ್ದೇನೆ. ಅದು ಕಾಣದಿದ್ದರೆ ಆರ್‌ಸಿಂಕ್ ಶುರುವೇ ಆಗುವುದಿಲ್ಲ. ಒಂದು ರಾತ್ರಿಗೆ 200ಕ್ಕಿಂತ ಜಾಸ್ತಿ ಅಳಿಸಬಾರದು ಅಂತ ಮಿತಿಯನ್ನೂ ಹಾಕಿದ್ದೇನೆ.

ಮೂರನೇ ಪ್ರತಿ ಊರಾಚೆ ಇರಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ನನ್ನ ಸ್ಟುಡಿಯೊ ನೆಲಮಹಡಿಯಲ್ಲಿತ್ತು. ಸೊಂಟದವರೆಗೆ ನೀರು. ನೆಗೆಟಿವ್‌ಗಳು ಕವರಿನೊಳಗೇ ಒಂದಕ್ಕೊಂದು ಅಂಟಿಕೊಂಡು ಹಲಗೆಯ ಹಾಗಾಗಿದ್ದವು. ಕ್ಲೌಡ್ ಲೆಕ್ಕ ಹಾಕಿ ನೋಡಿದೆ. 40 ಎಂಬಿಪಿಎಸ್ ಅಪ್‌ಲೋಡಿನಲ್ಲಿ ಒಂದು ಟಿಬಿಗೆ ಎರಡು ದಿನದ ಮೇಲೆ, ಜೊತೆಗೆ ತಿಂಗಳು ತಿಂಗಳು ಬಾಡಿಗೆ. ಅದರ ಬದಲು ಎರಡು ಡಿಸ್ಕ್ ಇಟ್ಟುಕೊಂಡೆ. ಒಂದು ಪುಣೆಯಲ್ಲಿ ಭಾವನ ಮನೆಯಲ್ಲಿ, ಒಂದು ಇಲ್ಲಿ. ಎರಡು ತಿಂಗಳಿಗೊಮ್ಮೆ ಕಲ್ಯಾಣದಲ್ಲಿ ರೈಲು ಹತ್ತಿ ಅದಲುಬದಲು ಮಾಡುತ್ತೇನೆ. ಸ್ಟೀಲಿನ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಪೊಟ್ಟಣ ಬದಲಿಸಲೇಬೇಕು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರಿಂದ ರೈಲಿನಲ್ಲಿ ಕಳೆದುಹೋದರೂ ಯಾರ ಮದುವೆಯೂ ಬೀದಿಗೆ ಬರುವುದಿಲ್ಲ.

ಆಗುವುದಿಲ್ಲ ಅಂದಿದ್ದ ಭಾವ ಈಗ ಹೋದಾಗಲೆಲ್ಲ ಕಣ್ಣು ಮುಚ್ಚಿ ಒಂದು ಫೋಲ್ಡರ್ ಆರಿಸುತ್ತಾರೆ. ಅದನ್ನು ಆ ಡಿಸ್ಕಿನಿಂದ ಅವರ ಕಂಪ್ಯೂಟರಿಗೆ ಇಳಿಸಿ, ಫೋಟೊ ತೆರೆದು ನೋಡಿದ ಮೇಲೆಯೇ ನಮಗೆ ಚಹಾ.

ಸಿಗದ ಆರು ಸಾವಿರ ಫೋಟೊಗಳ ಪಟ್ಟಿ ಹೆಸರು ಸಮೇತ ನನ್ನ ಹತ್ತಿರ ಇದೆ. ಕವರಿನಲ್ಲಿಟ್ಟ ಆ ಹಳೆಯ ಡಿಸ್ಕನ್ನು ಇನ್ನೂ ಫಾರ್ಮ್ಯಾಟ್ ಮಾಡಿಲ್ಲ.