ಹಾಳೆಯಲ್ಲಿ ಚೆನ್ನಾಗಿ ಕೂತ ಗುಂಡು ಜಿಂಕೆಗೆ ಆಗಿಬರಲಿಲ್ಲ

ಮೊದಲ ಸಲ ಜಿಂಕೆ ಬೇಟೆಗೆ ಹೊರಟಾಗ ನಾನು ಗುಂಡು ಆರಿಸಿದ್ದು ಡಬ್ಬಿಯ ಮೇಲಿನ ನಂಬರ್ ನೋಡಿ. ಯಾವುದು ಎಲ್ಲಕ್ಕಿಂತ ಜೋರಾಗಿ ಓಡುತ್ತದೋ ಅದು. ರೈಫಲ್ .270 ವಿಂಚೆಸ್ಟರ್. ಗುಂಡಿನ ತೂಕ 130 ಗ್ರೇನ್, ಪ್ಲಾಸ್ಟಿಕ್ ಮೊನೆಯದ್ದು. ಡಬ್ಬಿಯ ಮೇಲೆ ಸೆಕೆಂಡಿಗೆ 3060 ಅಡಿ ಅಂತ ಇತ್ತು. 100 ಗಜದಲ್ಲಿ ಇಟ್ಟ ಗುರಿಯ ಹಾಳೆಗೆ ಮೂರು ಈಡು ಹೊಡೆದರೆ ಮೂರು ತೂತನ್ನೂ ಒಂದು ನಾಣ್ಯ ಇಟ್ಟು ಮುಚ್ಚಬಹುದಿತ್ತು. ಇನ್ನೇನು ಬೇಕು ಅಂದುಕೊಂಡೆ.

ಲೈಸೆನ್ಸ್, ಪರ್ಮಿಟ್ ಎಲ್ಲ ಇತ್ತು, ಬೇಟೆಗೆ ಬಿಟ್ಟ ಕಾಲವೇ ಆಗಿತ್ತು. ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಜಿಂಕೆ ಬಂದದ್ದು 30 ಗಜದಲ್ಲಿ, ಸ್ವಲ್ಪ ನನ್ನ ಕಡೆಗೇ ತಿರುಗಿಕೊಂಡು. ಹೆಗಲಿಗೆ ಗುರಿ ಇಟ್ಟೆ, ಗುಂಡು ಹೆಗಲಿಗೇ ಬಿತ್ತು. ಜಿಂಕೆ ಮುಗ್ಗರಿಸಿತು, ಎದ್ದಿತು, ಪೊದೆಯೊಳಗೆ ನುಗ್ಗಿ ಓಡಿಯೇ ಬಿಟ್ಟಿತು. ಹನಿ ಹನಿ ರಕ್ತ ಹಿಡಿದು ಎರಡೂವರೆ ಗಂಟೆ ಹುಡುಕಿದೆವು. ಕೊನೆಗೆ ಸಿಕ್ಕಾಗ ಇನ್ನೂ ಜೀವ ಇತ್ತು. ಎರಡನೇ ಈಡು ಹೊಡೆಯಬೇಕಾಯಿತು. ಆ ಎರಡೂವರೆ ಗಂಟೆ ನನಗೆ ಈಗಲೂ ಮರೆತಿಲ್ಲ.

ಚರ್ಮ ಸುಲಿದಾಗ ಗೊತ್ತಾಯಿತು. ಹೆಗಲ ಮೇಲೆ ತಟ್ಟೆಯಗಲ ಗಾಯ, ಮಾಂಸವೆಲ್ಲ ಕಪ್ಪಾಗಿ ಹೆಪ್ಪುಗಟ್ಟಿತ್ತು. ಗುಂಡಿನ ಚೂರುಗಳು ಅಲ್ಲೇ ಸುತ್ತಮುತ್ತ ಚೆಲ್ಲಿದ್ದವು. ಶ್ವಾಸಕೋಶದವರೆಗೆ ಹೋದದ್ದು ಒಂದೆರಡು ತುಣುಕು ಮಾತ್ರ.

ನನಗೆ ಕೋವಿ ಹಿಡಿಯಲು ಕಲಿಸಿದ ಹಿರಿಯರು ಜೊತೆಗಿದ್ದರು. ಚಾಕುವಿನ ತುದಿಯಲ್ಲಿ ಒಂದು ಚೂರು ಎತ್ತಿ ತೋರಿಸಿದರು.

"ಗುರಿ ತಪ್ಪಿಲ್ಲ ಕಣಪ್ಪಾ. ಗುಂಡು ಮೂಳೆ ಹತ್ರಾನೇ ಪುಡಿಯಾಗಿದೆ. ಒಳಗೆ ಹೋಗೋಕೆ ಏನು ಉಳಿದಿದೆ ಹೇಳು?"

"ಸ್ಪೀಡ್ ಜಾಸ್ತಿ ಇದ್ರೆ ಒಳ್ಳೇದಲ್ವಾ ಅಣ್ಣ?"

"ಆ ಸ್ಪೀಡೇ ಅದನ್ನ ಒಡೆದಿದ್ದು."

ಗುಂಡಿನ ಬಗ್ಗೆ ನಾನು ನಿಜವಾಗಿ ಕಲಿಯಲು ಶುರುಮಾಡಿದ್ದು ಆ ದಿನದಿಂದ.

ಮೊದಲು ಒಂದು ಸಣ್ಣ ಗೊಂದಲ ತೆಗೆದುಬಿಡೋಣ. ಅಂಗಡಿಯಲ್ಲಿ ನಾವು ಗುಂಡು ಅಂತ ಕೇಳುವುದು ತೋಟೆಯನ್ನು. ತೋಟೆಯಲ್ಲಿ ಹಿತ್ತಾಳೆ ಕೊಳವೆ, ತಳದಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. .270, .308, .30-06 ಅಂತ ನಾವು ಜಗಳ ಆಡುವುದೆಲ್ಲ ತೋಟೆಯ ಬಗ್ಗೆ. ಜಿಂಕೆಯ ಮೈಯೊಳಗೆ ಹೋಗುವುದು ಮಾತ್ರ ಬಾಯಲ್ಲಿ ಕೂತ ಆ ಸಣ್ಣ ಲೋಹದ ತುಂಡು. ತೋಟೆಗೆ ನೂರು ಮಾತು ಆಡುವವರು ಗುಂಡಿಗೆ ಎರಡು ಮಾತೂ ಆಡುವುದಿಲ್ಲ. ನಾನೂ ಹಾಗೇ ಇದ್ದೆ.

ತೂಕ ಹೇಳುವುದು ಗ್ರೇನ್ ಲೆಕ್ಕದಲ್ಲಿ. 7000 ಗ್ರೇನ್‌ಗೆ ಒಂದು ಪೌಂಡ್. ಹಳೇ ಅಕ್ಕಸಾಲಿಗರ ಗುಲಗಂಜಿ ನೆನಪಿದ್ದರೆ, ಒಂದು ಗುಲಗಂಜಿಗೆ ಹೆಚ್ಚುಕಡಿಮೆ ಎರಡು ಗ್ರೇನ್. ನನ್ನ 130 ಗ್ರೇನ್ ಗುಂಡು ಎಂಟೂವರೆ ಗ್ರಾಂ ಕೂಡ ಇಲ್ಲ. ಇಷ್ಟೇ ಇಷ್ಟು ಲೋಹ ಚರ್ಮ, ಮಾಂಸ, ಒಂದೊಂದು ಸಲ ಮೂಳೆ ದಾಟಿ ಹೃದಯ, ಶ್ವಾಸಕೋಶ ಮುಟ್ಟಬೇಕು.

ಅದು ಎರಡು ಕೆಲಸ ಮಾಡಬೇಕು, ಆ ಎರಡೂ ಒಂದಕ್ಕೊಂದು ವಿರುದ್ಧ. ಅಗಲವಾಗಿ ಅರಳಬೇಕು, ಆಗ ಗಾಯ ದೊಡ್ಡದಾಗಿ ಪ್ರಾಣಿ ಬೇಗ ಬೀಳುತ್ತದೆ. ಆಳವಾಗಿಯೂ ಹೋಗಬೇಕು. ಆದರೆ ಜಾಸ್ತಿ ಅರಳಿದಷ್ಟೂ ತಡೆ ಹೆಚ್ಚಿ ಬೇಗ ನಿಲ್ಲುತ್ತದೆ. ಅರಳದೇ ಹೋದರೆ ಸೂಜಿಯಂತೆ ತೂರಿ ಆಚೆ ಹೋಗುತ್ತದೆ, ಜಿಂಕೆ ಮೈಲಿಗಟ್ಟಲೆ ಓಡುತ್ತದೆ. ಬೇಟೆ ಗುಂಡು ಮಾಡುವವರೆಲ್ಲ ತಲೆಕೆಡಿಸಿಕೊಂಡಿರುವುದು ಈ ಎರಡರ ನಡುವಿನ ಹದಕ್ಕೆ.

ಸೀಸದ ಮೇಲೆ ಮೂತಿಯವರೆಗೂ ಲೋಹದ ಕವಚ ಇರುವ ಸೇನಾ ಗುಂಡನ್ನು ಜಿಂಕೆಗೆ ಬಳಸಬಾರದು ಅನ್ನುವುದು ಇದೇ ಕಾರಣಕ್ಕೆ. ಅದು ಅರಳುವುದಿಲ್ಲ. ಇಲ್ಲೊಂದು ತಮಾಷೆ ಇದೆ. ಅರಳುವ ಗುಂಡಿಗೆ ಜಗತ್ತಿನಲ್ಲೆಲ್ಲ ಕೆಟ್ಟ ಹೆಸರು ತಂದದ್ದು ಕೋಲ್ಕತ್ತಾ ಪಕ್ಕದ ದಮ್‌ದಮ್ ಕಾರ್ಖಾನೆ. 1890ರ ದಶಕದಲ್ಲಿ ಬ್ರಿಟಿಷ್ ಸೇನೆಗೆ ಅಲ್ಲಿ ಮಾಡಿದ ಮೆತ್ತನೆ ಮೂತಿಯ ಗುಂಡುಗಳಿಗೆ ದಮ್‌ದಮ್ ಅಂತಲೇ ಹೆಸರು ಉಳಿಯಿತು. 1899ರ ಹೇಗ್ ಘೋಷಣೆಯಲ್ಲಿ ಯುದ್ಧದಲ್ಲಿ ಅಂಥವನ್ನು ಬಳಸಬಾರದು ಅಂತಾಯಿತು. ಬೇಟೆಯಲ್ಲಿ ಲೆಕ್ಕ ಉಲ್ಟಾ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ರೈಫಲ್ ಗುಂಡು ಮೆತ್ತನೆ ಮೂತಿಯದ್ದೋ ಟೊಳ್ಳು ಮೂತಿಯದ್ದೋ ಆಗಿರಲೇಬೇಕು ಅನ್ನುತ್ತದೆ. ಪ್ರಾಣಿ ನರಳದೆ ಸಾಯಲಿ ಅಂತ.

ಸರಿ, ನನ್ನ ಗುಂಡಿಗೆ ಏನಾಗಿತ್ತು? ಸೀಸದ ತಿರುಳು, ಮೇಲೆ ತೆಳ್ಳನೆ ತಾಮ್ರದ ಕವಚ. ಎರಡೂ ಒಂದಕ್ಕೊಂದು ಅಂಟಿಲ್ಲ, ಸುಮ್ನೆ ಒತ್ತಿ ಕೂರಿಸಿದ್ದಷ್ಟೇ. ತುದಿಯ ಪ್ಲಾಸ್ಟಿಕ್ ಮೊನೆ ಗಾಳಿ ಸೀಳಲಿಕ್ಕೆ ಮಾತ್ರ ಅಲ್ಲ. ಮೈಗೆ ತಾಗಿದ ಕೂಡಲೇ ಅದು ಹಿಂದಕ್ಕೆ ತಳ್ಳಿಕೊಂಡು ಹೋಗಿ ಬೆಣೆ ಹೊಡೆದಂತೆ ಗುಂಡನ್ನು ಬಿಡಿಸುತ್ತದೆ. ಈ ಗುಂಡನ್ನು 300 ಗಜದಾಚೆಗೆ ಹೊಡೆದರೆ ವೇಗ 2400 ಅಡಿಯ ಹತ್ತಿರ ಇಳಿದಿರುತ್ತದೆ, ಆಗ ಚೆಂದವಾಗಿ ಅರಳುತ್ತದೆ. ನಾನು ಹೊಡೆದದ್ದು 30 ಗಜದಲ್ಲಿ, ಹೆಚ್ಚುಕಡಿಮೆ ನಳಿಗೆಯಿಂದ ಹೊರಟ ವೇಗದಲ್ಲೇ, ಅದೂ ಮೂಳೆಗೆ. ಅಷ್ಟು ತೆಳ್ಳನೆ ಕವಚ ಹೇಗೆ ತಾಳೀತು? ಗುಂಡಿನದ್ದು ತಪ್ಪಲ್ಲ. ಅದನ್ನು ಯಾವ ಕೆಲಸಕ್ಕೆ ಮಾಡಿದ್ದಾರೆ ಅಂತ ನಾನು ಕೇಳಿರಲಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ ಅಂತ ಆಮೇಲೆ ತಿಳಿಯಿತು. ಅಮೆರಿಕದ ಜಾನ್ ನಾಸ್ಲರ್ 1946ರಲ್ಲಿ ದೊಡ್ಡದೊಂದು ಮೂಸ್‌ಗೆ (ಜಿಂಕೆ ಜಾತಿಯಲ್ಲೇ ಅತಿ ದೊಡ್ಡ ಪ್ರಾಣಿ) ಹೊಡೆದಾಗ ಗುಂಡುಗಳು ಒಳಗೆ ಹೋಗದೆ ಮೇಲೇ ಒಡೆದುಹೋದವು. ಆತ ಮನೆಗೆ ಬಂದು ಗುಂಡಿನ ನಡುವೆ ತಾಮ್ರದ ಒಂದು ಗೋಡೆ ಇರುವ ಹಾಗೆ ಮಾಡಿದ. ಮುಂದಿನ ಅರ್ಧ ಅರಳಿ ಹೋದರೂ ಹಿಂದಿನ ಅರ್ಧ ಇಡಿಯಾಗಿ ಒಳಗೆ ನುಗ್ಗುತ್ತದೆ. 1948ರಲ್ಲಿ ಮಾರಾಟಕ್ಕೆ ಬಂದ ಆ ಪಾರ್ಟಿಷನ್ ಗುಂಡನ್ನು ಜನ ಈಗಲೂ ಕೊಳ್ಳುತ್ತಾರೆ. ಇದನ್ನು ಓದಿದಾಗ ನನಗೆ ಒಂಥರಾ ಸಮಾಧಾನ ಆಯಿತು.

ಮುಂದಿನ ವರ್ಷ ಬೇಟೆ ಕಾಲಕ್ಕೆ ಮೊದಲೇ ಕೂತು ಯೋಚಿಸಿದೆ. ಮೊದಲ ಪ್ರಶ್ನೆ, ನಾನು ನಿಜವಾಗಿ ಎಷ್ಟು ದೂರದಲ್ಲಿ ಹೊಡೆಯುತ್ತೇನೆ? ಕನಸಿನಲ್ಲಿ 400 ಗಜ. ನಾನು ಕೂರುವ ಜಾಗ ಪೂರ್ತಿ ಕಾಡು, ಅಲ್ಲಿ 150 ಗಜ ಕಂಡರೆ ಪುಣ್ಯ. ಅಂದರೆ ನನ್ನ ಗುಂಡು ಯಾವಾಗಲೂ ಜೋರಾಗಿಯೇ ತಾಗುತ್ತದೆ. ನನಗೆ ಬೇಕಾದದ್ದು ಬೇಗ ಅರಳುವುದಲ್ಲ, ಗಟ್ಟಿಯಾಗಿ ಕಚ್ಚಿಕೊಳ್ಳುವುದು. ಬಯಲಲ್ಲಿ ದೂರದಿಂದ ಹೊಡೆಯುವವರಿಗೆ ಉತ್ತರ ಬೇರೆಯೇ ಆಗುತ್ತದೆ. ಸೀಸದ ತಿರುಳಿನ ಗುಂಡುಗಳಲ್ಲಿ ಬಹಳಷ್ಟು ಸುಮಾರು 1800 ಅಡಿಗಿಂತ ಕೆಳಗೆ ಸರಿಯಾಗಿ ಅರಳುವುದಿಲ್ಲ. ಇಡೀ ತಾಮ್ರದವಕ್ಕೆ ಸುಮಾರು 2000 ಬೇಕು ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಕಂಪನಿಯವರು ಕೊಡುವ ವೇಗದ ಪಟ್ಟಿಯಲ್ಲಿ ನಿಮ್ಮ ಗುಂಡು ಎಷ್ಟು ಗಜಕ್ಕೆ ಆ ಅಂಕಿಗೆ ಇಳಿಯುತ್ತದೆ ಅಂತ ನೋಡಿಕೊಳ್ಳಿ. ನಿಮ್ಮ ಮಿತಿ ಅದು. ಎಷ್ಟೋ ಜನ ಅದನ್ನು ಬಿಟ್ಟು "1000 ಫುಟ್-ಪೌಂಡ್ ಶಕ್ತಿ ಇರಬೇಕು" ಅಂತ ಲೆಕ್ಕ ಹಾಕುತ್ತಾರೆ. ನನಗೆ ಆ ಲೆಕ್ಕದ ಮೇಲೆ ಹೆಚ್ಚು ನಂಬಿಕೆ ಇಲ್ಲ. ನನ್ನ ಪುಡಿಯಾದ ಗುಂಡಿಗೆ ಅದರ ಎರಡೂವರೆ ಪಟ್ಟು ಶಕ್ತಿ ಇತ್ತು.

ಎರಡನೆಯದು ತೂಕ. ಒಂದೇ ಅಗಲದ ಗುಂಡು ಭಾರವಾದಷ್ಟೂ ಉದ್ದವಾಗುತ್ತದೆ, ನಿಧಾನವಾಗಿ ಹೊರಡುತ್ತದೆ, ಆಳಕ್ಕೆ ಹೋಗುತ್ತದೆ. 130ರಿಂದ 150 ಗ್ರೇನ್‌ಗೆ ಬಂದೆ. ವೇಗ 3060ರಿಂದ 2850ಕ್ಕೆ ಇಳಿಯಿತು. "ಅಯ್ಯೋ, ಗುಂಡು ಕೆಳಗೆ ಬೀಳುತ್ತೆ" ಅಂತ ಗೆಳೆಯರು ಹೆದರಿಸಿದರು. 100 ಗಜಕ್ಕೆ ಗುರಿ ಕೂರಿಸಿದ ಮೇಲೆ 200 ಗಜದಲ್ಲಿ ಎರಡರ ನಡುವೆ ಇದ್ದ ವ್ಯತ್ಯಾಸ ಅರ್ಧ ಇಂಚಿನ ಆಚೀಚೆ. ಜಿಂಕೆಯ ಎದೆಯಲ್ಲಿ ನಾವು ಹೊಡೆಯಬೇಕಾದ ಜಾಗವೇ ಸುಮಾರು 8 ಇಂಚು ಅಗಲ. ಅರ್ಧ ಇಂಚಿಗೆ ಯಾರು ಅಳುತ್ತಾರೆ?

.243ನಂಥ ಸಣ್ಣ ತೋಟೆ ಇಟ್ಟುಕೊಂಡವರು ತೂಕದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅದೇ ತೋಟೆಗೆ 55 ಗ್ರೇನ್‌ನಿಂದ 100 ಗ್ರೇನ್‌ವರೆಗೆ ಗುಂಡು ಸಿಗುತ್ತದೆ. ಹಗುರದವು ನರಿಯಂಥ ಸಣ್ಣ ಪ್ರಾಣಿಗೆ, ತಾಗಿದಲ್ಲೇ ಸಿಡಿಯಲಿ ಅಂತಲೇ ಮಾಡಿದವು. ಡಬ್ಬಿಗಳು ಒಂದರ ಪಕ್ಕ ಒಂದು ಇರುತ್ತವೆ. ಕೈಗೆ ಸಿಕ್ಕಿದ್ದು ತಂದರೆ ಕಷ್ಟ.

ಮೂರನೆಯದು ಗುಂಡಿನ ಕಟ್ಟು. ನನ್ನ ಪ್ರಕಾರ ಇದೇ ಮುಖ್ಯ. ಕವಚದ ಒಳಗೆ ಉಂಗುರದಂಥ ಏಣು ಮಾಡಿ ಸೀಸವನ್ನು ಹಿಡಿದಿಡುವ ಗುಂಡುಗಳಿವೆ. ರೆಮಿಂಗ್ಟನ್‌ನ ಕೋರ್-ಲಾಕ್ಟ್, ಹಾರ್ನಡಿಯ ಇಂಟರ್‌ಲಾಕ್ ಈ ಜಾತಿಯವು. ಹಳೇ ಕಾಲದ ವಿನ್ಯಾಸ, ದುಬಾರಿಯೂ ಅಲ್ಲ, ಜಿಂಕೆಗೆ ಧಾರಾಳ ಸಾಕು. ಆಮೇಲೆ ಸೀಸವನ್ನು ಕವಚಕ್ಕೆ ಬೆಸೆದ ಬಾಂಡೆಡ್ ಗುಂಡುಗಳು. ಕೊನೆಗೆ ಸೀಸವೇ ಇಲ್ಲದ ಇಡೀ ತಾಮ್ರದವು. ಮೂತಿಯ ಟೊಳ್ಳು ಬಿಚ್ಚಿಕೊಂಡು ನಾಲ್ಕಾರು ಎಸಳಾಗಿ ಅರಳುತ್ತವೆ, ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ.

ಓದಿದ್ದನ್ನು ನಂಬದೆ ಮೂರು ಬಗೆ ತಂದು ಪರೀಕ್ಷೆ ಮಾಡಿದೆ. ಶೂಟಿಂಗ್ ರೇಂಜ್‌ನಲ್ಲಿ ಒಪ್ಪಿಗೆ ತೆಗೆದುಕೊಂಡು, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ, ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನ್‌ಗಳನ್ನು ಸಾಲಾಗಿ ಒಂದಕ್ಕೊಂದು ತಾಗಿಸಿ ಇಟ್ಟೆ. ಗುಂಡು ಎಷ್ಟನೇ ಕ್ಯಾನ್‌ನಲ್ಲಿ ನಿಂತಿತು ಅಂತ ನೋಡಿ, ಹೆಕ್ಕಿ, ತೂಗಿದೆ. ಹಳೇ 130 ಗ್ರೇನ್ ಗುಂಡು ಎರಡನೇ ಕ್ಯಾನ್‌ನಲ್ಲೇ ಮುಗಿಯಿತು. ಇದ್ದುದರಲ್ಲಿ ದೊಡ್ಡ ತುಂಡು 52 ಗ್ರೇನ್. ಏಣಿನ ಕವಚದ 150 ಗ್ರೇನ್‌ನದ್ದು ನಾಲ್ಕನೆಯದರಲ್ಲಿ ಸಿಕ್ಕಿತು, 101 ಗ್ರೇನ್ ಉಳಿದಿತ್ತು. 130 ಗ್ರೇನ್‌ನ ತಾಮ್ರದ ಗುಂಡು ಆರನೇ ಕ್ಯಾನ್‌ನಲ್ಲಿ ಹೂವಿನ ಹಾಗೆ ಅರಳಿ ಕೂತಿತ್ತು, 129 ಗ್ರೇನ್. ನೀರು ಮಾಂಸ ಅಲ್ಲ, ಮೂಳೆ ಅಂತೂ ಅಲ್ಲವೇ ಅಲ್ಲ. ಆದರೂ ಮೂರನ್ನೂ ಪಕ್ಕಪಕ್ಕ ಅಂಗೈಯಲ್ಲಿ ಇಟ್ಟುಕೊಂಡಾಗ ಬೇರೆ ವಿವರಣೆ ಬೇಕಾಗಲಿಲ್ಲ. ಮನೆಯವರಿಗೆ ಮಾತ್ರ ಮಧ್ಯಾಹ್ನವೆಲ್ಲ ಕ್ಯಾನ್‌ಗೆ ನೀರು ತುಂಬಿಸಿದ್ದು ಯಾಕೆ ಅಂತ ಇನ್ನೂ ಅರ್ಥವಾಗಿಲ್ಲ.

ಮೂರು ವರ್ಷ 150 ಗ್ರೇನ್‌ನ ಆ ಸಾದಾ ಗುಂಡಿನಲ್ಲೇ ಬೇಟೆಯಾಡಿದೆ. ಒಂದು ದೂರೂ ಇಲ್ಲ. ಜಿಂಕೆಗಳು ಹೆಚ್ಚೆಂದರೆ 50-60 ಗಜ ಓಡಿ ಬಿದ್ದವು.

ಆಮೇಲೆ ತಾಮ್ರಕ್ಕೆ ಬದಲಾಯಿಸಿದ್ದು ಊಟದ ಕಾರಣಕ್ಕೆ. ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಮಾಂಸದೊಳಗೆ ಹರಡುತ್ತವೆ. ಗಾಯದಿಂದ ಒಂದು ಗೇಣು ದೂರದಲ್ಲೂ ಅವು ಎಕ್ಸ್-ರೇಯಲ್ಲಿ ಕಾಣುತ್ತವೆ. ಮನೆಯಲ್ಲಿ ಸಣ್ಣ ಮಗು ಬಂದ ಮೇಲೆ ನನಗೆ ಅದು ಸರಿಕಾಣಲಿಲ್ಲ. ಕಾಡಲ್ಲಿ ಬಿಟ್ಟ ಕರುಳು ತಿನ್ನುವ ಹದ್ದು, ರಣಹದ್ದುಗಳಿಗೂ ಅದು ವಿಷ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವ ಹಾಗೇ ಇಲ್ಲ. ನೀವು ಬೇಟೆಯಾಡುವ ಕಡೆ ನಿಯಮ ಏನಿದೆ ಅಂತ ಡಬ್ಬಿ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ತಾಮ್ರಕ್ಕೆ ಬರುವಾಗ ಎರಡು ವಿಷಯ ಗೊತ್ತಿರಲಿ. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಅದನ್ನು ಸ್ಥಿರವಾಗಿ ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೀರು ಬಿಗಿಯಾಗಿರಬೇಕು. ಒಂದು ಮೆಟ್ಟಿಲು ಹಗುರದ್ದು ಆರಿಸಿದರೆ ಆ ತಾಪತ್ರಯ ಇಲ್ಲ. ತೂಕ ಕಳೆದುಕೊಳ್ಳದ ಗುಂಡಾದ್ದರಿಂದ ನಷ್ಟವೂ ಇಲ್ಲ. ಅದಕ್ಕೇ ನಾನು ಮತ್ತೆ 130 ಗ್ರೇನ್‌ಗೆ ಬಂದೆ. ಇನ್ನೊಂದು, ಬದಲಾಯಿಸುವ ಮೊದಲು ನಳಿಗೆಯನ್ನು ತಾಮ್ರದ ಕರೆ ತೆಗೆಯುವ ದ್ರಾವಣದಿಂದ ಚೆನ್ನಾಗಿ ಉಜ್ಜಿ. ನಾನು ಉಜ್ಜದೆ ಹೊಡೆದು, ಗುಂಡು ಹಾಳೆಯ ತುಂಬ ಚೆದುರಿ, "ಈ ಗುಂಡೇ ಸರಿ ಇಲ್ಲ" ಅಂತ ಬೈದಿದ್ದೆ. ಉಜ್ಜಿದ ಮೇಲೆ ಒಂದೂಕಾಲು ಇಂಚಿಗೆ ಬಂತು. ಮೊದಲ ಗುಂಡಿನ ಹಾಗೆ ನಾಣ್ಯದಡಿ ಮುಚ್ಚುವುದಿಲ್ಲ, ಬೇಕಾಗಿಯೂ ಇಲ್ಲ.

ಗುಂಡು ಬದಲಾದರೆ ಗುರಿಯನ್ನೂ ಮತ್ತೆ ಕೂರಿಸಬೇಕು. ಅದೇ ತೂಕ, ಬೇರೆ ಕಂಪನಿ ಅಂದರೂ ಗುಂಡು ಎರಡು ಮೂರು ಇಂಚು ಪಕ್ಕಕ್ಕೆ ಹೋಗಿಬಿಡಬಹುದು. ನಾನು ಒಂದೇ ಲಾಟ್ ನಂಬರಿನ, ಅಂದರೆ ಒಂದೇ ಕಂತಿನಲ್ಲಿ ತಯಾರಾದ, ಮೂರು ಡಬ್ಬಿ ಒಟ್ಟಿಗೆ ತರುತ್ತೇನೆ. ಒಂದು ಡಬ್ಬಿ ಅಭ್ಯಾಸಕ್ಕೆ. ಉಳಿದವು ಎರಡು ಮೂರು ವರ್ಷದ ಬೇಟೆಗೆ ಸಾಕು.

ಹೋದ ಸಲದ ಜಿಂಕೆ 45 ಗಜದಲ್ಲಿ ಬಂತು. ಮತ್ತೆ ಅದೇ ಥರ, ಸ್ವಲ್ಪ ನನ್ನ ಕಡೆ ತಿರುಗಿಕೊಂಡು. ಕೋವಿಯ ಕುದುರೆ ಎಳೆಯುವ ಮೊದಲು ಹಳೆಯದೆಲ್ಲ ನೆನಪಾಗಿ ಕೈ ಒಂದು ಕ್ಷಣ ನಿಂತಿತು. ಗುಂಡು ಹೆಗಲ ಮೂಳೆ ಮುರಿದು, ಎದೆ ದಾಟಿ, ಆಚೆ ಬದಿಯ ಪಕ್ಕೆಲುಬಿನಿಂದ ಹೊರಗೆ ಹೋಗಿತ್ತು. ಜಿಂಕೆ ನಿಂತಲ್ಲೇ ಬಿತ್ತು. ಗುಂಡು ಎಲ್ಲಿ ಮಣ್ಣು ಸೇರಿತೋ, ಹುಡುಕಿದರೂ ಸಿಗಲಿಲ್ಲ.

ಆ ಮೊದಲ ಡಬ್ಬಿಯಲ್ಲಿ ಇನ್ನೂ 11 ತೋಟೆ ಉಳಿದಿವೆ. ಎಸೆದಿಲ್ಲ. ರೇಂಜ್‌ಗೆ ಯಾರಾದರೂ ಹೊಸಬರನ್ನು ಕರೆದುಕೊಂಡು ಹೋದಾಗ ಒಂದೆರಡು ಹೊಡೆಯಲು ಕೊಡುತ್ತೇನೆ. ಹಾಳೆಯ ಮೇಲೆ ಈಗಲೂ ಬಹಳ ಚೆನ್ನಾಗಿ ಕೂರುತ್ತವೆ.