ಪರೀಕ್ಷೆಯನ್ನೇ ಮೊದಲು ಪರೀಕ್ಷಿಸಿ

ನನ್ನ ಎಂ.ಎಡ್. ಸಂಶೋಧನೆಗೆ ಐದನೇ ತರಗತಿಯ ಭಿನ್ನರಾಶಿ ಮೇಲೆ 20 ಪ್ರಶ್ನೆ ಬರೆದಿದ್ದೆ. ಒಬ್ಬಟ್ಟು ಹಂಚುವ ಲೆಕ್ಕವೊಂದು ನಾಲ್ಕು ಸಾಲು ಉದ್ದವಿತ್ತು. ಒಬ್ಬ ಹುಡುಗಿ ಅದನ್ನು ಖಾಲಿ ಬಿಟ್ಟಿದ್ದಳು. ಸುಮ್ನೆ ಓದಿ ಹೇಳಿದೆ. ತಕ್ಷಣ "ಮುಕ್ಕಾಲು" ಅಂದಳು, ಸರಿಯುತ್ತರ! ನಾನು ಅಳೆದದ್ದು ಓದುವ ಶಕ್ತಿಯನ್ನು, ಗಣಿತವನ್ನಲ್ಲ. ಸಪ್ರಮಾಣತೆ, ಅಂದರೆ ಅಳೆಯಬೇಕಾದ್ದನ್ನೇ ಅಳೆಯುವ ಗುಣ, ಕೆಡುವುದು ಹೀಗೆಯೇ.

ಅದಕ್ಕೇ ಮೊದಲು ನೀಲನಕ್ಷೆ ಮಾಡಿ: ಯಾವ ಕಲಿಕಾಂಶಕ್ಕೆ ಎಷ್ಟು ಪ್ರಶ್ನೆ ಅಂತ. ಅನುಭವಿ ಶಿಕ್ಷಕರಿಗೆ ತೋರಿಸಿ. ಆಮೇಲೆ ನಾಲ್ಕೈದು ಮಕ್ಕಳ ಪಕ್ಕ ಕುಳಿತು, "ಹೇಗೆ ಮಾಡಿದೆ, ಹೇಳು" ಅಂತ ಕೇಳಿ. ಈ ಹೆಜ್ಜೆ ಮಾತ್ರ ಬಿಡಲೇಬೇಡಿ. ಎಷ್ಟೋ ತಪ್ಪು ಪ್ರಶ್ನೆಗಳು ಸಿಕ್ಕಿಬೀಳುವುದು ಇಲ್ಲೇ.

ವಿಶ್ವಸನೀಯತೆಗೆ, ಅಂದರೆ ಅಂಕಗಳು ಎಷ್ಟು ಸ್ಥಿರ ಅಂತ ತಿಳಿಯಲು, ಇನ್ನೊಂದು ಶಾಲೆಯ ಮಕ್ಕಳಿಗೆ ಪರೀಕ್ಷೆ ಕೊಡಿ. ಸಮ, ಬೆಸ ಪ್ರಶ್ನೆಗಳ ಅಂಕ ಬೇರೆ ಮಾಡಿ, ಎರಡರ ಸಹಸಂಬಂಧ (ಎರಡೂ ಅಂಕ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಎಂಬ ಅಳತೆ) ತೆಗೆಯಿರಿ. ಅದು 0.60 ಬಂತು ಅನ್ನಿ. ಅದು ಅರ್ಧ ಪರೀಕ್ಷೆಯದು ಅಷ್ಟೇ, ಅಲ್ವಾ? ಸ್ಪಿಯರ್‌ಮನ್-ಬ್ರೌನ್ ಸೂತ್ರ ಹಾಕಿ, ಪೂರ್ತಿ ಪರೀಕ್ಷೆಯ ವಿಶ್ವಸನೀಯತೆ ಸಿಗುತ್ತದೆ: 0.60ರ ಎರಡರಷ್ಟನ್ನು (1.20), 1ಕ್ಕೆ 0.60 ಕೂಡಿಸಿದ್ದರಿಂದ (1.60) ಭಾಗಿಸಿದರೆ 0.75. ತರಗತಿಗಳನ್ನು ಹೋಲಿಸಲು ಸಾಕು. ಒಂದು ಮಗುವಿನ ಬಗ್ಗೆ ತೀರ್ಮಾನ ಮಾಡಲು ಇದು ಸಾಲದು, ಅದಕ್ಕೆ ಪ್ರಶ್ನೆ ಜಾಸ್ತಿ ಬೇಕು. ಆದರೆ 0.95 ಬಂದರೂ ಒಬ್ಬಟ್ಟಿನ ಪ್ರಶ್ನೆ ತಾನಾಗಿ ಸರಿಹೋಗುವುದಿಲ್ಲ. ನಾನು ಅದನ್ನು ಒಂದೇ ಸಾಲಿಗೆ ಇಳಿಸಿ, ಪಕ್ಕದಲ್ಲಿ ಚಿತ್ರ ಬರೆದೆ.