ವಚನ ತೆಗೆದವರು ಯಾರು? ಮನೆಕೂಟದಲ್ಲಿ ನಾನು ಈ ವಾದ ನಡೆಸುವ ರೀತಿ

ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಆಗಾಗ ತಿರುಗಿ ಬರುತ್ತದೆ. 'ಹೊಸ ಬೈಬಲ್‌ಗಳಿಂದ ವಚನಗಳನ್ನು ಕಿತ್ತುಹಾಕಿದ್ದಾರೆ, ಎಚ್ಚರ!' ಜೊತೆಗೆ ಒಂದು ಪಟ್ಟಿ. ಎನ್‌ಐವಿ ಅನ್ನುವ ಹೊಸ ಇಂಗ್ಲಿಷ್ ಬೈಬಲ್ ಅನುವಾದ ತೆರೆದು ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ ನೋಡಿದರೆ ನಿಜಕ್ಕೂ 36 ಆದ ಮೇಲೆ 38 ಬರುತ್ತದೆ. 37 ಕೆಳಗೆ ಅಡಿಟಿಪ್ಪಣಿಯಲ್ಲಿ ಸಣ್ಣಕ್ಷರದಲ್ಲಿ ಕೂತಿದೆ.

ಹುಬ್ಬಳ್ಳಿಯಲ್ಲಿ ನಮ್ಮ ಸಭೆಯ ಒಂದು ಮನೆಕೂಟ ನಡೆಸುವವನು ನಾನು. ಪಾಸ್ಟರ್ ಅಲ್ಲ, ಸೆಮಿನರಿ ಓದಿದವನೂ ಅಲ್ಲ. ಆ ಮೆಸೇಜ್ ಬಂದ ವಾರಗಳಲ್ಲಿ ನಮ್ಮ ಕೂಟದಲ್ಲಿ ಪ್ರಾರ್ಥನೆಗಿಂತ ವಾದವೇ ಜಾಸ್ತಿ. ಮೊದಮೊದಲು 'ಆಮೇಲೆ ಮಾತಾಡೋಣ' ಅಂತ ತಳ್ಳುತ್ತಿದ್ದೆ. ಈಗ ಅದಕ್ಕೇ ಒಂದು ಸಂಜೆ ಇಡುತ್ತೇನೆ.

ಗಮನವಿಟ್ಟು ಕೇಳಿಸಿಕೊಂಡರೆ ಒಂದು ವಿಷಯ ಗೊತ್ತಾಗುತ್ತದೆ. ಅಲ್ಲಿ ನಡೆಯುತ್ತಿರುವುದು ಒಂದು ವಾದವಲ್ಲ, ಮೂರು. ಈ ಸಾಲು ಮೊದಲು ಬರೆದವರ ಕೈಯಿಂದಲೇ ಬಂದಿದ್ದಾ ಅನ್ನುವುದು ಒಂದು. ಬಂದಿದ್ದರೆ ಅದರ ಅರ್ಥ ಏನು ಅನ್ನುವುದು ಇನ್ನೊಂದು. ಇದು ದೇವರ ವಾಕ್ಯ ಅಂತ ನಾವು ಯಾವ ಆಧಾರದಲ್ಲಿ ಹೇಳುತ್ತೇವೆ ಅನ್ನುವುದು ಮೂರನೆಯದು. ಒಬ್ಬರು ಹಸ್ತಪ್ರತಿಯ ಬಗ್ಗೆ ಮಾತಾಡುತ್ತಿರುತ್ತಾರೆ, ಎದುರಿನವರು ನಂಬಿಕೆಯ ಬಗ್ಗೆ ಉತ್ತರ ಕೊಡುತ್ತಿರುತ್ತಾರೆ. ಇಬ್ಬರೂ ಪಾಪ ಸುಮ್ನೆ ಬೆವರುತ್ತಾರೆ. ಹಾಗಾಗಿ ಯಾರು ಬಾಯಿ ತೆರೆದರೂ ನಾನು ಮೊದಲು ಕೇಳುವುದು ಒಂದೇ: ಈಗ ನಾವು ಯಾವ ಪ್ರಶ್ನೆಯಲ್ಲಿದ್ದೇವೆ? ಕಿರಿಕಿರಿ ಅನ್ನಿಸಿದರೂ ಪರವಾಗಿಲ್ಲ, ಕೇಳುತ್ತಲೇ ಇರುತ್ತೇನೆ.

ಸುಲಭದ್ದರಿಂದ ಶುರು ಮಾಡಬೇಕು. ತ್ರಿಯೇಕ ದೇವರ (ತಂದೆ, ಮಗ, ಪವಿತ್ರಾತ್ಮ ಮೂವರಾಗಿರುವ ಒಬ್ಬನೇ ದೇವರ) ವಚನದಿಂದ ಶುರು ಮಾಡಿದರೆ ಅರ್ಧ ಗಂಟೆಯಲ್ಲಿ ಯಾರೋ ಒಬ್ಬರು ಎದ್ದು ಹೋಗುತ್ತಾರೆ. ಅದಕ್ಕೇ ನಾನು ಆ 37ನೇ ವಚನವನ್ನೇ ಹಿಡಿಯುತ್ತೇನೆ. ಫಿಲಿಪ್ಪನೂ ಐಥಿಯೋಪ್ಯದ ಕಂಚುಕಿಯೂ (ಅಲ್ಲಿನ ರಾಣಿಯ ಅಧಿಕಾರಿ) ನೀರಿನ ಹತ್ತಿರ ಬರುತ್ತಾರಲ್ಲ, ಆ ಭಾಗ. ಎಲ್ಲರೂ ತಮ್ಮ ತಮ್ಮ ಬೈಬಲ್‌ನಿಂದ ಗಟ್ಟಿಯಾಗಿ ಓದುತ್ತಾರೆ. ಆಮೇಲೆ ನಾನು ಹೇಳುವುದು ನಂಬರಿನ ಕಥೆ. ಹೊಸ ಒಡಂಬಡಿಕೆಗೆ ನಾವು ಇವತ್ತು ಬಳಸುವ ವಚನ ಸಂಖ್ಯೆ ಹಾಕಿದವರು ರಾಬರ್ಟ್ ಎಸ್ತಿಯೆನ್ ಅನ್ನುವ ಮುದ್ರಕರು, 1551ರಲ್ಲಿ. ಹೊಸ ಒಡಂಬಡಿಕೆ ಮೊದಲು ಬರೆದದ್ದು ಗ್ರೀಕ್ ಭಾಷೆಯಲ್ಲಿ; ಅವರ ಕೈಯಲ್ಲಿದ್ದ ಗ್ರೀಕ್ ಪ್ರತಿಯಲ್ಲಿ ಆ ಸಾಲು ಇತ್ತು, ಅದಕ್ಕೊಂದು ನಂಬರ್ ಬಿತ್ತು. ಅದಕ್ಕಿಂತ ಎಷ್ಟೋ ಹಳೆಯ ಪ್ರತಿಗಳು ಆಮೇಲೆ ವಿದ್ವಾಂಸರ ಕೈಗೆ ಸಿಕ್ಕವು, ಅವುಗಳಲ್ಲಿ ಆ ಸಾಲು ಇರಲಿಲ್ಲ. ಸಾಲು ಕೆಳಗಿಳಿಯಿತು, ನಂಬರ್ ಖಾಲಿ ಉಳಿಯಿತು. ನಂಬರನ್ನೇ ಬದಲಿಸಿದರೆ ಜಗತ್ತಿನ ಎಲ್ಲ ಬೈಬಲ್‌ಗಳ ಲೆಕ್ಕ ತಪ್ಪುತ್ತದೆ ಅಲ್ವಾ? ಇಷ್ಟು ತಿಳಿದ ಮೇಲೆ 'ಕದ್ದರು' ಅನ್ನುವ ಮಾತು ತಾನಾಗಿಯೇ ಕಡಿಮೆಯಾಗುತ್ತದೆ.

ನಮ್ಮಲ್ಲಿ ಒಬ್ಬ ಬ್ರದರ್‌ಗೆ ಕಿಂಗ್ ಜೇಮ್ಸ್ ಅನ್ನುವ ಹಳೆಯ ಇಂಗ್ಲಿಷ್ ಅನುವಾದ ಬಿಟ್ಟರೆ ಬೇರೆ ಬೈಬಲ್ಲೇ ಇಲ್ಲ. ಓದಿಕೊಂಡವರು, ವಾದಕ್ಕೆ ನಿಂತರೆ ಬಿಡುವವರಲ್ಲ. ಅವರಿಗೆ ನಾನು ಹೊಸ ಪುಸ್ತಕ ಯಾವುದನ್ನೂ ತೋರಿಸಲಿಲ್ಲ. 1611ರ ಮೊದಲ ಕಿಂಗ್ ಜೇಮ್ಸ್ ಬೈಬಲ್‌ನ ಪುಟದ ಚಿತ್ರ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, ಅದರ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಲೂಕ 17:36ರ ಪಕ್ಕ, ಪುಟದ ಅಂಚಿನಲ್ಲಿ, ಆ ಅನುವಾದಕರೇ ಬರೆದಿದ್ದಾರೆ: ಹೆಚ್ಚಿನ ಗ್ರೀಕ್ ಪ್ರತಿಗಳಲ್ಲಿ ಈ ವಚನ ಇಲ್ಲ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. 'ನಮ್ಮವರೂ ಅಡಿಟಿಪ್ಪಣಿ ಹಾಕ್ಯಾರಲ್ಲ' ಅಂದರು. ಅಂಚಿನಲ್ಲಿ ಹಾಕುವುದು ಬೇರೆ, ಸಾಲನ್ನೇ ಕೆಳಗಿಳಿಸುವುದು ಬೇರೆ ಅಂತ ಕೂಡಲೇ ಸೇರಿಸಿದರು. ಸರಿಯಾದ ಮಾತೇ. ಆದರೆ ಅಲ್ಲಿಂದ ಮುಂದೆ ನಮ್ಮ ವಾದ ಸಾಕ್ಷಿಯ ಬಗ್ಗೆ ನಡೆಯಿತು, ಪಿತೂರಿಯ ಬಗ್ಗೆ ಅಲ್ಲ.

ಆಮೇಲೆ ಬರುವುದು ದೊಡ್ಡದು, 1 ಯೋಹಾನ 5:7. ಇದಕ್ಕೆ ಇಂಗ್ಲಿಷ್ ಬೇಕಾಗಿಲ್ಲ, ಕನ್ನಡ ಬೈಬಲ್‌ಗಳಲ್ಲೇ ಎರಡು ಬಗೆ ಇದೆ. ಒಂದರಲ್ಲಿ ಪರಲೋಕದಲ್ಲಿ ಸಾಕ್ಷಿ ಕೊಡುವ ಮೂವರು, ತಂದೆ, ವಾಕ್ಯ, ಪವಿತ್ರಾತ್ಮ. ಇನ್ನೊಂದರಲ್ಲಿ ಆತ್ಮ, ನೀರು, ರಕ್ತ ಅಷ್ಟೇ. ಪಕ್ಕಪಕ್ಕ ಕೂತವರು ಓದಿದಾಗ ಕೋಣೆ ಗಪ್‌ಚುಪ್.

ಇಲ್ಲಿ ನಾನು ಎರಾಸ್ಮಸ್ ಅನ್ನುವ ಡಚ್ ವಿದ್ವಾಂಸನ ವಿಷಯ ತರುತ್ತೇನೆ. ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲ ಗ್ರೀಕ್ ಹೊಸ ಒಡಂಬಡಿಕೆ ಅವನದು. 1516ರಲ್ಲಿ ಬಾಸೆಲ್ ಊರಲ್ಲಿ ಮುದ್ರಣವಾಯಿತು. (1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಅದೇ ಊರು. ಇದನ್ನು ಹೇಳಿದರೆ ನಮ್ಮ ಹಿರಿಯರ ಕಿವಿ ನೆಟ್ಟಗಾಗುತ್ತದೆ.) ಆ 1516ರ ಪುಸ್ತಕದಲ್ಲೂ 1519ರ ಎರಡನೇ ಆವೃತ್ತಿಯಲ್ಲೂ ಆ ಸಾಲು ಇಲ್ಲ. ಟೀಕೆ ಜೋರಾಯಿತು. 1522ರ ಮೂರನೇ ಆವೃತ್ತಿಯಲ್ಲಿ ಸೇರಿತು. ಲ್ಯಾಟಿನ್ ಪ್ರತಿಗಳಲ್ಲಿ ಅದು ಮೊದಲೇ ಇತ್ತು. ಗ್ರೀಕ್ ಪ್ರತಿಗಳಲ್ಲಿ ಮಾತ್ರ ಬೆರಳೆಣಿಕೆ, ಅವೂ ತೀರಾ ಈಚಿನವು. ಎರಾಸ್ಮಸ್ ಯಾರಿಗೋ ಮಾತು ಕೊಟ್ಟು ಸಿಕ್ಕಿಹಾಕಿಕೊಂಡ ಅನ್ನುವ ಮಜವಾದ ಕಥೆಯೊಂದಿದೆ. ಅದಕ್ಕೆ ಗಟ್ಟಿ ಆಧಾರ ಇಲ್ಲ, ಹಾಗಾಗಿ ನಾನು ಹೇಳುವುದಿಲ್ಲ. ವಾದದಲ್ಲಿ ಒಂದು ಸಡಿಲ ಕಥೆ ಸಿಕ್ಕಿಬಿದ್ದರೆ ಉಳಿದ ಹತ್ತು ನಿಜಗಳೂ ಮುಳುಗುತ್ತವೆ.

'ಹಂಗಾದ್ರ ತ್ರಿಯೇಕ ದೇವರ ಗತಿ ಏನ್ರೀ?' ಈ ಪ್ರಶ್ನೆ ಬಂದೇ ಬರುತ್ತದೆ. ಆಗ ಪ್ರೊಟೆಸ್ಟಂಟ್ ಸುಧಾರಣೆಯ ಲೂಥರ್ ಕೈಹಿಡಿಯುತ್ತಾನೆ. ಅವನ ಜರ್ಮನ್ ಅನುವಾದದಲ್ಲಿ ಅವನು ಬದುಕಿರುವ ತನಕ ಆ ಸಾಲು ಇರಲೇ ಇಲ್ಲ. ಲೂಥರ್‌ಗೆ ತ್ರಿಯೇಕ ದೇವರಲ್ಲಿ ನಂಬಿಕೆ ಇರಲಿಲ್ಲ ಅಂತ ಯಾರಾದರೂ ಹೇಳುತ್ತಾರಾ? 4ನೇ ಶತಮಾನದಲ್ಲಿ ಇದೇ ವಿಷಯಕ್ಕೆ ದೊಡ್ಡ ಹೋರಾಟ ನಡೆದಾಗಲೂ ಗ್ರೀಕ್ ಸಭಾಪಿತೃಗಳು (ಆರಂಭದ ಸಭೆಯ ಗುರುಗಳು) ಈ ಸಾಲನ್ನು ಎತ್ತಿಲ್ಲ. ಅವರಿಗೆ ಬೇರೆ ಆಧಾರ ಸಾಕಿತ್ತು. ಮತ್ತಾಯ 28:19 ಎಲ್ಲ ಬೈಬಲ್‌ಗಳಲ್ಲೂ ಇದೆ.

ಮಾರ್ಕನ ಸುವಾರ್ತೆಯ ಕೊನೆಗೆ ಬಂದಾಗ ಮಾತ್ರ ನಾನು ನಿಧಾನಿಸುತ್ತೇನೆ. ಸೀನಾಯ್ ಬೆಟ್ಟದ ಬುಡದ ಮಠದಲ್ಲಿ ಸಿಕ್ಕ 4ನೇ ಶತಮಾನದ ಪ್ರತಿಯ ಚಿತ್ರಗಳನ್ನು ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ನೋಡಬಹುದು. ಮನೆಯವರ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ತೋರಿಸುತ್ತೇನೆ. ಪುಟಕ್ಕೆ ನಾಲ್ಕು ಕಂಬಸಾಲು (ಕಾಲಮ್), ಪದಗಳ ನಡುವೆ ಜಾಗವೇ ಇಲ್ಲ. 16:8 ಮುಗಿದ ಕೂಡಲೇ ಸುವಾರ್ತೆಯ ಹೆಸರು, ಆಮೇಲೆ ಖಾಲಿ. ಪಕ್ಕದ ಕಂಬಸಾಲಿನಿಂದ ಲೂಕ ಶುರು. 9ರಿಂದ 20ರವರೆಗಿನ ವಚನಗಳು ಅಲ್ಲಿ ಇಲ್ಲ. ಇನ್ನೊಂದು ಪಕ್ಕವನ್ನೂ ಹೇಳಲೇಬೇಕು. ಗ್ರೀಕ್ ಪ್ರತಿಗಳ ಬಹುಪಾಲಿನಲ್ಲಿ ಆ ಭಾಗ ಇದೆ. 2ನೇ ಶತಮಾನದ ಸಭಾಪಿತೃ ಐರೇನಿಯಸ್ ಅದರಲ್ಲಿನ ಒಂದು ವಚನವನ್ನು ಮಾರ್ಕನದ್ದೆಂದೇ ಉಲ್ಲೇಖಿಸುತ್ತಾನೆ. ಅಂದರೆ ತೀರಾ ಹಳೆಯ ಭಾಗವೇ. ಮಾರ್ಕ ಬರೆದದ್ದಲ್ಲ ಅಂತ ನನಗೆ ಅನ್ನಿಸುತ್ತದೆ, ಅನ್ನಿಸಿದ್ದನ್ನು ಹೇಳುತ್ತೇನೆ.

ಒಮ್ಮೆ ಹೀಗೆ ಹೇಳಿದಾಗ ಹಿಂದೆ ಕೂತಿದ್ದ ಹಿರಿಯ ಹೆಣ್ಣುಮಗಳೊಬ್ಬರು ಎದ್ದು ನಿಂತರು. 'ನಮ್ಮ ಯಜಮಾನ್ರು ದವಾಖಾನಿಯೊಳಗಿದ್ದಾಗ ಅವರ ಮ್ಯಾಲೆ ಕೈ ಇಟ್ಟು ಇದೇ ವಚನ ಹೇಳಿ ಪ್ರಾರ್ಥನಾ ಮಾಡೀನಿ. ಅದನ್ನೂ ತಗದ ಹಾಕ್ತೀರೇನು?'

ಆ ಕ್ಷಣಕ್ಕೆ ಹಸ್ತಪ್ರತಿಯ ಮಾತು ಉತ್ತರವಲ್ಲ. ಅವರು ಕೇಳಿದ್ದು ಮೂರನೇ ಪ್ರಶ್ನೆ. 'ನಿಮ್ಮ ಪ್ರಾರ್ಥನಾಕ್ಕ ಯಾರೂ ಕೈ ಹಚ್ಚೂದಿಲ್ಲ, ಅಕ್ಕಾರ. ಯಾಕೋಬ 5:14 ತಗೀರಿ' ಅಂದೆ. ರೋಗಿಗಾಗಿ ಸಭೆಯ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸುವ ಮಾತು ಅಲ್ಲಿದೆ, ಅದರ ಬಗ್ಗೆ ಈ ಥರದ ತಕರಾರಿಲ್ಲ. ಅವರೇ ಓದಿದರು, ಕೂತರು. ರೋಗಿಗಳ ಮೇಲೆ ಕೈಯಿಡುವ ಮಾತಿರುವ ಮಾರ್ಕನ ಅದೇ ವಚನದಲ್ಲಿ ಹಾವು ಎತ್ತುವ ಮಾತೂ ಇದೆ, ಅಮೆರಿಕದ ಅಪಲೇಚಿಯನ್ ಗುಡ್ಡಗಾಡಿನ ಕೆಲವು ಸಭೆಗಳು ಅದನ್ನು ಅಕ್ಷರಶಃ ಹಿಡಿದು ಜನ ಸತ್ತಿದ್ದೂ ಇದೆ. ಅವತ್ತು ಅದನ್ನು ಹೇಳಲಿಲ್ಲ. ಬೇರೆ ದಿನಕ್ಕೆ ಇಟ್ಟುಕೊಂಡೆ.

ದೈವಪ್ರೇರಣೆಯ, ಅಂದರೆ ಬೈಬಲ್ ದೇವರ ಪ್ರೇರಣೆಯಿಂದ ಬಂತು ಅನ್ನುವ ವಿಷಯಕ್ಕೆ ನಾನು ವ್ಯಾಖ್ಯೆ ಹೇಳಿಕೊಡುವುದಿಲ್ಲ, ಬೈಬಲನ್ನೇ ಓದಿಸುತ್ತೇನೆ. ಲೂಕನ ಮೊದಲ ನಾಲ್ಕು ವಚನ: ಎಲ್ಲವನ್ನೂ ವಿಚಾರಿಸಿ ತಿಳಿದು ಬರೆಯುತ್ತಿದ್ದೇನೆ ಅನ್ನುತ್ತಾನೆ. 1 ಕೊರಿಂಥ 1:16: ಸ್ತೆಫನನ ಮನೆಯವರನ್ನು ಬಿಟ್ಟು ಇನ್ಯಾರಿಗೆ ದೀಕ್ಷಾಸ್ನಾನ ಮಾಡಿಸಿದೆನೋ ನೆನಪಿಲ್ಲ ಅನ್ನುತ್ತಾನೆ ಪೌಲ. ಯೆರೆಮೀಯ 36: ಪ್ರವಾದಿಯ ಮಾತು ಬರೆದ ಸುರುಳಿಯನ್ನು ರಾಜ ತುಂಡು ತುಂಡು ಮಾಡಿ ಬೆಂಕಿಗೆ ಹಾಕುತ್ತಾನೆ. ಪ್ರವಾದಿಯ ಬರಹಗಾರ ಬಾರೂಕ ಮತ್ತೆ ಬರೆಯುತ್ತಾನೆ, ಈ ಸಲ ಇನ್ನಷ್ಟು ಮಾತು ಸೇರುತ್ತದೆ. ದೇವರು ಪ್ರತಿ ಅಕ್ಷರವನ್ನೂ ಕಿವಿಯಲ್ಲಿ ಉಸುರಿದ ಅನ್ನುವವರೂ ಈ ಮೂರನ್ನು ಓದಿ ವಿವರಿಸಬೇಕಾಗುತ್ತದೆ. ಬೈಬಲ್‌ನಲ್ಲಿ ತಪ್ಪೇ ಇಲ್ಲ ಎಂದು ಸಾರುವ 1978ರ ಷಿಕಾಗೋ ಹೇಳಿಕೆ ಕೂಡ ಪ್ರೇರಣೆ ಅನ್ನುವುದು ಸರಿಯಾಗಿ ಹೇಳುವುದಾದರೆ ಮೂಲಪ್ರತಿಗೆ ಅನ್ವಯಿಸುತ್ತದೆ ಅನ್ನುತ್ತದೆ. ಆ ಮೂಲಪ್ರತಿ ಒಂದೂ ನಮ್ಮ ಕೈಯಲ್ಲಿಲ್ಲ. ಹಾಗಿದ್ದಾಗ ಪ್ರತಿಗಳನ್ನು ಹೋಲಿಸಿ ನೋಡುವುದು ಅಪನಂಬಿಕೆಯ ಕೆಲಸ ಹೇಗಾದೀತು? ನನ್ನ ಲೆಕ್ಕದಲ್ಲಿ ಅದೇ ಭಕ್ತಿ.

ಒಂದು ಕಟ್ಟಳೆ ಮಾತ್ರ ಸಡಿಲಿಸುವುದಿಲ್ಲ. ಹಸ್ತಪ್ರತಿಯ ಪ್ರಶ್ನೆಗೆ 'ಪವಿತ್ರಾತ್ಮನು ನನಗೆ ತೋರಿಸಿದನು' ಅನ್ನುವ ಉತ್ತರ ನಡೆಯುವುದಿಲ್ಲ. ಆ ಮಾತು ಬಂದರೆ ಎದುರಿನವರು ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ, ಅಲ್ಲಿಗೆ ಕೂಟ ಮುಗಿಯಿತು. ಇನ್ನೊಂದು, ಇಂಥ ಸಂಜೆ ಇಡುವ ಮುಂಚೆ ಸಭಾಪಾಲಕರಿಗೆ ಹೇಳಿಬಿಡಿ. ಇಲ್ಲದಿದ್ದರೆ ಭಾನುವಾರ ಸುದ್ದಿ ಅವರಿಗೆ ಬೇರೆ ರೂಪದಲ್ಲಿ ಮುಟ್ಟುತ್ತದೆ.

ಮುಂದಿನ ಸಲಕ್ಕೆ ನಮ್ಮ ಹೆಣ್ಣುಮಕ್ಕಳು ತಾವೇ ಒಂದು ಭಾಗ ಆರಿಸಿದ್ದಾರೆ, 1 ಕೊರಿಂಥ 14:34-35, ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು ಅನ್ನುವ ಮಾತು. ಕೆಲವು ಪ್ರತಿಗಳಲ್ಲಿ ಆ ಎರಡು ವಚನಗಳು 40ನೇ ವಚನ ಆದ ಮೇಲೆ ಬರುತ್ತವೆ, ಯಾಕೆ ಅಂತ ಕೇಳುತ್ತಿದ್ದಾರೆ. ಕಿಂಗ್ ಜೇಮ್ಸ್ ಬ್ರದರ್ ಆಗಲೇ ತಯಾರಿ ಶುರು ಮಾಡಿದ್ದಾರೆ. ಆ ಅಕ್ಕಾರೂ ಮಾಡುತ್ತಿದ್ದಾರಂತೆ.